ವೀಸಾ ಬುಲೆಟಿನ್ ಓದುವುದು ಹೇಗೆ: ಗ್ರೀನ್ ಕಾರ್ಡ್ ಸರದಿಯಲ್ಲಿ ನಿಮ್ಮ ಜಾಗ ತಿಳಿಯುವ ಬಗೆ

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ಮುಂದಿನ ತಿಂಗಳಿನ ವೀಸಾ ಬುಲೆಟಿನ್ ಪ್ರಕಟಿಸಿದಾಗ, ಗ್ರೀನ್ ಕಾರ್ಡ್‌ಗಾಗಿ ಕಾದಿರುವ ಭಾರತೀಯ ಕುಟುಂಬಗಳಲ್ಲಿ ಮೊದಲು ನಡೆಯುವುದು ಒಂದು ಕಳೆಯುವ ಲೆಕ್ಕ. ಕೋಷ್ಟಕದಲ್ಲಿ 2013 ಎಂದಿದೆ, ನಾವು ಸರದಿಗೆ ಸೇರಿದ್ದು 2016, ಹಾಗಾದರೆ ಇನ್ನು ಮೂರು ವರ್ಷ. ಈ ಲೆಕ್ಕ ಸಹಜವೆನಿಸಿದರೂ ತಪ್ಪು. ಇದನ್ನೇ ನಂಬಿ ಮನೆ ಕೊಂಡವರನ್ನೂ ಮಕ್ಕಳ ಕಾಲೇಜಿನ ಯೋಜನೆ ಹಾಕಿದವರನ್ನೂ ಹತ್ತಿರದಿಂದ ಕಂಡಿರುವುದರಿಂದ ಈ ಮಾತನ್ನು ಮೊದಲಿಗೇ ಹೇಳುತ್ತಿದ್ದೇನೆ. ಬುಲೆಟಿನ್ನಿನ ದಿನಾಂಕವು ಎಷ್ಟು ಕಾಲ ಕಾಯಬೇಕೆಂಬುದನ್ನು ಹೇಳುವುದಿಲ್ಲ. ಈ ತಿಂಗಳು ಲಭ್ಯವಿರುವ ವಲಸೆ ವೀಸಾಗಳನ್ನು (ಒಂದು ಗ್ರೀನ್ ಕಾರ್ಡ್ ಎಂದರೆ ಒಂದು ವೀಸಾ) ಹಂಚುತ್ತ ಹೋದರೆ ಸರದಿಯಲ್ಲಿ ಯಾರವರೆಗೆ ತಲುಪಬಹುದು ಎಂಬುದನ್ನಷ್ಟೇ ಹೇಳುತ್ತದೆ. 2013ಕ್ಕೂ 2016ಕ್ಕೂ ನಡುವೆ ಎಷ್ಟು ಜನ ನಿಂತಿದ್ದಾರೆ ಎಂಬುದು ಆ ಕೋಷ್ಟಕದಲ್ಲಿ ಎಲ್ಲಿಯೂ ಇಲ್ಲ. ಕಾಯುವ ಕಾಲವನ್ನು ತೀರ್ಮಾನಿಸುವುದು ಆ ಜನಸಂಖ್ಯೆಯೇ ಹೊರತು ಕ್ಯಾಲೆಂಡರ್ ಅಲ್ಲ.

ವೀಸಾಗಳ ಸಂಖ್ಯೆ ಎಲ್ಲಿಂದ ಬರುತ್ತದೆ

ಈಗಿನ ವ್ಯವಸ್ಥೆಯ ಚೌಕಟ್ಟು 1990ರ ವಲಸೆ ಕಾಯ್ದೆಯದು. ಅಮೆರಿಕದ ಹಣಕಾಸು ವರ್ಷವು ಅಕ್ಟೋಬರ್ 1ರಂದು ಆರಂಭವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಆ ಒಂದು ವರ್ಷಕ್ಕೆ ಕುಟುಂಬ ಆಧಾರಿತ ವರ್ಗಗಳಿಗೆ ಕನಿಷ್ಠ 2,26,000 ಮತ್ತು ಉದ್ಯೋಗ ಆಧಾರಿತ ವರ್ಗಗಳಿಗೆ ಕನಿಷ್ಠ 1,40,000 ವೀಸಾಗಳು ದೊರೆಯುತ್ತವೆ. ಅಮೆರಿಕದ ಪೌರರ ಸಂಗಾತಿ, 21 ವರ್ಷ ತುಂಬದ ಅವಿವಾಹಿತ ಮಕ್ಕಳು ಮತ್ತು 21 ತುಂಬಿದ ಪೌರರ ತಂದೆತಾಯಿ ಈ ಮಿತಿಗೆ ಒಳಪಡುವುದಿಲ್ಲ. ಅವರಿಗೆ ಸರದಿಯೇ ಇಲ್ಲ, ಅರ್ಜಿ ಪರಿಶೀಲನೆಗೆ ತಗಲುವ ಸಮಯ ಮಾತ್ರ ಇದೆ.

ಮಿತಿಗೆ ಒಳಪಟ್ಟವರ ಮೇಲೆ ಇನ್ನೊಂದು ಕಡಿವಾಣವಿದೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಒಟ್ಟು ಸಂಖ್ಯೆಯ ಶೇಕಡಾ 7ಕ್ಕಿಂತ ಹೆಚ್ಚು, ಅಂದರೆ ಎರಡೂ ಬಗೆಯ ವರ್ಗಗಳು ಸೇರಿ 25,620ಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಕೊಡುವಂತಿಲ್ಲ. ದೇಶ ಚಿಕ್ಕದೋ ದೊಡ್ಡದೋ, ಅಲ್ಲಿಂದ ಅರ್ಜಿ ಹಾಕಿದವರು ನೂರು ಜನರೋ ಲಕ್ಷ ಜನರೋ, ಮಿತಿ ಅಷ್ಟೇ. ಇದರ ಬಿಸಿ ಎಷ್ಟೆಂಬುದನ್ನು ಉನ್ನತ ವಿದ್ಯಾರ್ಹತೆ ಬೇಡುವ ಉದ್ಯೋಗಗಳ ಇಬಿ-2 ವರ್ಗದ ಉದಾಹರಣೆಯಿಂದ ತಿಳಿಯಬಹುದು. ಉದ್ಯೋಗ ಆಧಾರಿತ ವೀಸಾಗಳಲ್ಲಿ ಶೇಕಡಾ 28.6, ಅಂದರೆ 40,040, ಈ ವರ್ಗದ ಪಾಲು. ಅದರ ಶೇಕಡಾ 7 ಎಂದರೆ ಸುಮಾರು 2,800. ಈ 2,800 ಉದ್ಯೋಗಿಗಳ ಸಂಖ್ಯೆಯಲ್ಲ, ತಲೆಗಳ ಸಂಖ್ಯೆ: ಉದ್ಯೋಗಿಯ ಪತ್ನಿ ಅಥವಾ ಪತಿಗೂ ಭಾರತದಲ್ಲಿ ಹುಟ್ಟಿದ ಮಗುವಿಗೂ ಒಂದೊಂದು ವೀಸಾ ಇದರಲ್ಲಿಯೇ ಖರ್ಚಾಗುತ್ತದೆ. ಮೂವರ ಕುಟುಂಬವೆಂದು ಇಟ್ಟುಕೊಂಡರೆ ವರ್ಷಕ್ಕೆ ಸಾವಿರ ಕುಟುಂಬಗಳಿಗೂ ಸಾಲದು. ಅಮೆರಿಕದಲ್ಲಿಯೇ ಹುಟ್ಟಿದ ಮಗು ಹುಟ್ಟಿನಿಂದಲೇ ಪೌರನಾದ್ದರಿಂದ ಅದಕ್ಕೆ ವೀಸಾ ಬೇಕಿಲ್ಲ.

ಹಾಗಿದ್ದರೂ ಭಾರತದ ಸರದಿ ಕೆಲವು ವರ್ಷ ಈ ಲೆಕ್ಕಕ್ಕಿಂತ ವೇಗವಾಗಿ ಸಾಗಿದ್ದುಂಟು. ಒಂದು ವರ್ಗದಲ್ಲಿ ಬೇರೆ ದೇಶಗಳಿಂದ ಸಾಕಷ್ಟು ಬೇಡಿಕೆ ಬಾರದೆ ವೀಸಾಗಳು ಉಳಿದರೆ, ಆ ವರ್ಗದಲ್ಲಿ ಅತಿ ಹಳೆಯ ದಿನಾಂಕ ಹೊಂದಿರುವವರಿಗೆ ದೇಶದ ಮಿತಿಯನ್ನು ಬದಿಗಿಟ್ಟು ಅವನ್ನು ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಉದ್ಯೋಗ ಆಧಾರಿತ ವರ್ಗಗಳು ಇಬಿ-1ರಿಂದ ಇಬಿ-5ರವರೆಗೆ ಐದು; ಇಬಿ-4, ಇಬಿ-5ರಲ್ಲಿ ಉಳಿದದ್ದು ಇಬಿ-1ಕ್ಕೆ ಏರುತ್ತದೆ, ಅಲ್ಲಿ ಉಳಿದದ್ದು ಇಬಿ-2ಕ್ಕೆ, ಅಲ್ಲಿಂದ ಇಬಿ-3ಕ್ಕೆ ಇಳಿಯುತ್ತದೆ. ಒಂದು ವರ್ಷ ಕುಟುಂಬ ಆಧಾರಿತ ವರ್ಗಗಳಲ್ಲಿ ಬಳಕೆಯಾಗದೆ ಉಳಿದ ವೀಸಾಗಳು ಮುಂದಿನ ವರ್ಷದ ಉದ್ಯೋಗ ಆಧಾರಿತ ಸಂಖ್ಯೆಗೆ ಸೇರುತ್ತವೆ. ಕೋವಿಡ್ ಕಾಲದಲ್ಲಿ ದೂತಾವಾಸಗಳು ಮುಚ್ಚಿದ್ದರಿಂದ ಕುಟುಂಬ ವೀಸಾಗಳು ಭಾರಿ ಪ್ರಮಾಣದಲ್ಲಿ ಉಳಿದು, 2021ರ ಹಣಕಾಸು ವರ್ಷದಲ್ಲಿ ಉದ್ಯೋಗ ಆಧಾರಿತ ಮಿತಿ ಸುಮಾರು 2 ಲಕ್ಷ 62 ಸಾವಿರಕ್ಕೂ 2022ರಲ್ಲಿ ಸುಮಾರು 2 ಲಕ್ಷ 81 ಸಾವಿರಕ್ಕೂ ಏರಿತು. 2021ರಲ್ಲಿ ಆ ಹೆಚ್ಚುವರಿಯಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ವೀಸಾಗಳು ಸೆಪ್ಟೆಂಬರ್ 30ರೊಳಗೆ ಹಂಚಿಕೆಯಾಗದೆ ವ್ಯರ್ಥವಾದವು. ಹತ್ತು ವರ್ಷ ಕಾದವರ ಕಣ್ಣೆದುರೇ ನಡೆದ ಈ ನಷ್ಟವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮೊದಲು ಗೊತ್ತುಪಡಿಸಿಕೊಳ್ಳಬೇಕಾದ ಮೂರು ವಿಷಯ

ಬುಲೆಟಿನ್ ತೆರೆಯುವ ಮುನ್ನ ನಿಮ್ಮ ವರ್ಗ, ನಿಮ್ಮ ಸರದಿಯ ದೇಶ ಮತ್ತು ನಿಮ್ಮ ಪ್ರಯಾರಿಟಿ ಡೇಟ್, ಈ ಮೂರೂ ಖಚಿತವಾಗಿ ಗೊತ್ತಿರಬೇಕು.

ವರ್ಗವು ನಿಮ್ಮ ಪರವಾಗಿ ಸಲ್ಲಿಸಿದ ಅರ್ಜಿಯ ಅನುಮೋದನಾ ನೋಟಿಸ್‌ನಲ್ಲಿ ಇರುತ್ತದೆ. ಕುಟುಂಬದ ಕಡೆ, ಪೌರರ 21 ದಾಟಿದ ಅವಿವಾಹಿತ ಮಕ್ಕಳು ಎಫ್1, ಗ್ರೀನ್ ಕಾರ್ಡ್ ಹೊಂದಿದವರ ಸಂಗಾತಿ ಮತ್ತು ಚಿಕ್ಕ ಮಕ್ಕಳು ಎಫ್2ಎ, ಅವರ 21 ದಾಟಿದ ಅವಿವಾಹಿತ ಮಕ್ಕಳು ಎಫ್2ಬಿ, ಪೌರರ ವಿವಾಹಿತ ಮಕ್ಕಳು ಎಫ್3, ಪೌರರ ಒಡಹುಟ್ಟಿದವರು ಎಫ್4. ಉದ್ಯೋಗದ ಕಡೆ ಭಾರತೀಯರಲ್ಲಿ ಹೆಚ್ಚಿನವರು ಇಬಿ-1, ಇಬಿ-2, ಇಬಿ-3 ಸಾಲುಗಳಲ್ಲಿದ್ದಾರೆ.

ಸರದಿಯ ದೇಶವೆಂದರೆ ಹುಟ್ಟಿದ ದೇಶ. ಪಾಸ್‌ಪೋರ್ಟ್ ಕೊಟ್ಟ ದೇಶವಲ್ಲ. ಕೆನಡಾದ ಪೌರತ್ವ ಪಡೆದರೂ ಭಾರತದಲ್ಲಿ ಹುಟ್ಟಿದವರು ಭಾರತದ ಸಾಲಿನಲ್ಲಿಯೇ ಇರುತ್ತಾರೆ. ಆದರೆ ಇಲ್ಲೊಂದು ಬಾಗಿಲು ತೆರೆದಿದೆ, ಅದನ್ನು ಗಮನಿಸದೆ ವರ್ಷಗಟ್ಟಲೆ ಕಾದವರಿದ್ದಾರೆ. ಗಂಡ ಹೆಂಡತಿಯರಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ, ಇಬ್ಬರೂ ಆ ದೇಶದ ಸಾಲಿಗೆ ಸೇರಬಹುದು. ಪತ್ನಿಯ ತಂದೆ ಕುವೈತ್‌ನಲ್ಲಿ ಕೆಲಸದಲ್ಲಿದ್ದಾಗ ಅವರು ಅಲ್ಲಿ ಹುಟ್ಟಿದ್ದರು ಎಂದುಕೊಳ್ಳೋಣ. ಅವರ ಪಾಸ್‌ಪೋರ್ಟ್ ಭಾರತದ್ದೇ, ಓದು ಮದುವೆ ಎಲ್ಲವೂ ಭಾರತದಲ್ಲಿಯೇ. ಆದರೂ ಜನನ ಪ್ರಮಾಣಪತ್ರದಲ್ಲಿ ಕುವೈತ್ ಎಂದಿದ್ದರೆ ಪತಿಯ ಅರ್ಜಿಯನ್ನೂ ಕುವೈತ್‌ನ ಲೆಕ್ಕಕ್ಕೆ ಸೇರಿಸುವಂತೆ ಕೇಳಬಹುದು, ಆಗ ಅವರು ನೋಡಬೇಕಾದದ್ದು ಭಾರತದ ಅಂಕಣವನ್ನಲ್ಲ, ಉಳಿದೆಲ್ಲ ದೇಶಗಳ ಅಂಕಣವನ್ನು. ಈ ಸೌಲಭ್ಯ ಸಂಗಾತಿಯಿಂದ ಸಿಗುತ್ತದೆಯೇ ಹೊರತು ಮಗುವಿನಿಂದ ತಂದೆತಾಯಿಗೆ ಸಿಗುವುದಿಲ್ಲ.

ಪ್ರಯಾರಿಟಿ ಡೇಟ್ ಎಂದರೆ ಸರದಿಯಲ್ಲಿ ನಿಮ್ಮ ಹೆಸರು ದಾಖಲಾದ ದಿನ. ಕುಟುಂಬದ ಅರ್ಜಿಯಲ್ಲಿ ಅದು ಐ-130 (ಸಂಬಂಧಿಕರಿಗಾಗಿ ಹಾಕುವ ಅರ್ಜಿ) ಸಲ್ಲಿಕೆಯಾದ ದಿನ. ಉದ್ಯೋಗದ ಅರ್ಜಿಯಲ್ಲಿ ಪರ್ಮ್ ಎಂಬ ಕಾರ್ಮಿಕ ಪ್ರಮಾಣೀಕರಣ ಬೇಕಿದ್ದರೆ ಕಾರ್ಮಿಕ ಇಲಾಖೆ ಆ ಅರ್ಜಿಯನ್ನು ಸ್ವೀಕರಿಸಿದ ದಿನ, ಬೇಕಿಲ್ಲದಿದ್ದರೆ ಐ-140 (ಉದ್ಯೋಗ ಆಧಾರಿತ ವಲಸೆ ಅರ್ಜಿ) ಸಲ್ಲಿಕೆಯಾದ ದಿನ. ಅರ್ಜಿಯ ಬಗ್ಗೆ ಬರುವ ಐ-797 ನೋಟಿಸ್ ಕೈಗೆ ತೆಗೆದುಕೊಂಡರೆ ಮೇಲ್ಭಾಗದ ಚೌಕಗಳಲ್ಲಿ ಒಂದಕ್ಕಿಂತ ಹೆಚ್ಚು ದಿನಾಂಕಗಳು ಕಾಣುತ್ತವೆ: ಅರ್ಜಿ ಸ್ವೀಕರಿಸಿದ್ದು, ನೋಟಿಸ್ ಹೊರಟದ್ದು ಮತ್ತು ಪ್ರಯಾರಿಟಿ ಡೇಟ್. ನಿಮಗೆ ಬೇಕಾದದ್ದು ಕೊನೆಯದು ಮಾತ್ರ. ಐ-140 ಒಮ್ಮೆ ಮಂಜೂರಾದರೆ ಈ ದಿನಾಂಕ ನಿಮ್ಮದಾಗುತ್ತದೆ. ಕೆಲಸ ಬದಲಿಸಿ ಹೊಸ ಕಂಪನಿ ಹೊಸದಾಗಿ ಪರ್ಮ್ ಮತ್ತು ಐ-140 ಮಾಡಿಸಿದರೂ ಹಳೆಯ ದಿನಾಂಕವನ್ನು ಉಳಿಸಿಕೊಳ್ಳಬಹುದು. ವಂಚನೆ, ಸುಳ್ಳು ಮಾಹಿತಿ, ಪರ್ಮ್ ರದ್ದತಿ ಅಥವಾ ಮಂಜೂರಾತಿಯಲ್ಲಿಯೇ ಗುರುತರ ತಪ್ಪು ಇದ್ದ ಸಂದರ್ಭಗಳು ಮಾತ್ರ ಇದಕ್ಕೆ ಅಪವಾದ. ಆದ್ದರಿಂದ ಕಂಪನಿ ಬಿಡುವ ಮುನ್ನ ಐ-140ರ ಮಂಜೂರಾತಿ ಪ್ರತಿಯನ್ನು ಕೇಳಿ ಪಡೆಯಿರಿ. ಅರ್ಜಿ ಕಂಪನಿಯದಾದ್ದರಿಂದ ಮೂಲಪ್ರತಿ ಅವರಿಗೇ ಹೋಗಿರುತ್ತದೆ, ಹಲವು ವರ್ಷಗಳ ನಂತರ ಕೇಳಿದಾಗ ಹುಡುಕಿಕೊಡುವವರು ಅಲ್ಲಿ ಇರಲಾರರು.

ಎರಡು ಕೋಷ್ಟಕ, ಎರಡು ಅರ್ಥ

2015ರ ಅಕ್ಟೋಬರ್‌ನಿಂದ ಬುಲೆಟಿನ್ನಿನಲ್ಲಿ ಪ್ರತಿ ಬಗೆಯ ವರ್ಗಗಳಿಗೂ ಎರಡೆರಡು ಕೋಷ್ಟಕಗಳಿವೆ. ಫೈನಲ್ ಆ್ಯಕ್ಷನ್ ಡೇಟ್ಸ್ ಎಂಬುದು ಗ್ರೀನ್ ಕಾರ್ಡ್ ಅನ್ನು ನಿಜವಾಗಿ ಮಂಜೂರು ಮಾಡಬಹುದಾದವರ ಗಡಿ. ಡೇಟ್ಸ್ ಫಾರ್ ಫೈಲಿಂಗ್ ಎಂಬುದು ಕೊನೆಯ ಹಂತದ ಅರ್ಜಿಯನ್ನು ಸಲ್ಲಿಸಬಹುದಾದವರ ಗಡಿ. ಅಮೆರಿಕದೊಳಗಿದ್ದು ಐ-485 ಎಂಬ ಆ ಕೊನೆಯ ಹಂತದ ಅರ್ಜಿ ಸಲ್ಲಿಸುವವರು ಈ ಎರಡರಲ್ಲಿ ಯಾವುದನ್ನು ಅನುಸರಿಸಬೇಕೆಂಬುದನ್ನು ಅಮೆರಿಕದ ಪೌರತ್ವ ಮತ್ತು ವಲಸೆ ಸೇವೆಗಳ ಸಂಸ್ಥೆಯಾದ ಯುಎಸ್‌ಸಿಐಎಸ್ ಪ್ರತಿ ತಿಂಗಳೂ ಬೇರೆಯಾಗಿ ತನ್ನ ಜಾಲತಾಣದಲ್ಲಿ ತಿಳಿಸುತ್ತದೆ. ಅದನ್ನು ನೋಡದೆ ಬುಲೆಟಿನ್ ಒಂದನ್ನೇ ನಂಬಿ ಅರ್ಜಿ ಕಳುಹಿಸಿದರೆ ತಿರಸ್ಕೃತವಾಗಿ ಹಿಂದಿರುಗುವ ಸಾಧ್ಯತೆ ಇದೆ.

ಕೋಷ್ಟಕದ ಮನೆಗಳಲ್ಲಿ ಮೊದಲು ದಿನ, ಅನಂತರ ತಿಂಗಳ ಮೂರು ಇಂಗ್ಲಿಷ್ ಅಕ್ಷರ, ಕೊನೆಗೆ ವರ್ಷದ ಎರಡಂಕಿ ಇರುತ್ತವೆ. ದಿನಾಂಕದ ಬದಲು ಸಿ ಎಂಬ ಅಕ್ಷರವಿದ್ದರೆ ಆ ವರ್ಗ ಕರೆಂಟ್, ಯಾರೂ ಕಾಯಬೇಕಿಲ್ಲ. ಯು ಎಂದಿದ್ದರೆ ಸದ್ಯಕ್ಕೆ ಯಾರಿಗೂ ವೀಸಾ ಇಲ್ಲ. ದಿನಾಂಕವಿದ್ದರೆ ನಿಮ್ಮದು ಅದಕ್ಕಿಂತ ಹಿಂದಿನದಾಗಿರಬೇಕು. ಅದೇ ದಿನಾಂಕವಾಗಿದ್ದರೆ ಸಾಲದು. ಒಂದೇ ದಿನದ ಅಂತರದಲ್ಲಿ ಹೊರಗುಳಿಯುವವರು ಹೆಚ್ಚಾಗಿ ಈ ನಿಯಮವನ್ನು ಅಲ್ಲಿಯೇ ಮೊದಲ ಬಾರಿಗೆ ಕಲಿಯುತ್ತಾರೆ.

2024ರ ಅಕ್ಟೋಬರ್ ಬುಲೆಟಿನ್ನನ್ನು ಮುಂದಿಟ್ಟುಕೊಂಡು ಒಮ್ಮೆ ಓದೋಣ. ಭಾರತದ ಅಂಕಣದಲ್ಲಿ ಇಬಿ-2ರ ಫೈನಲ್ ಆ್ಯಕ್ಷನ್ ದಿನಾಂಕ 2012ರ ಜುಲೈ 15, ಫೈಲಿಂಗ್ ದಿನಾಂಕ 2013ರ ಜನವರಿ 1. ಇಬಿ-3ರಲ್ಲಿ ಅವು ಕ್ರಮವಾಗಿ 2012ರ ನವೆಂಬರ್ 1 ಮತ್ತು 2013ರ ಜೂನ್ 8. ಒಬ್ಬರ ಪ್ರಯಾರಿಟಿ ಡೇಟ್ 2012ರ ಅಕ್ಟೋಬರ್ 20 ಎಂದಿಟ್ಟುಕೊಳ್ಳಿ. ಅವರ ಐ-140 ಇಬಿ-2ರಲ್ಲಿ ಮಾತ್ರ ಇದ್ದರೆ ಆ ತಿಂಗಳು ಐ-485 ಸಲ್ಲಿಸಬಹುದಿತ್ತು, ಆದರೆ ಮಂಜೂರಾತಿ ಸಾಧ್ಯವಿರಲಿಲ್ಲ. ಅದೇ ದಿನಾಂಕದ ಮೇಲೆ ಇಬಿ-3ರಲ್ಲಿಯೂ ಮಂಜೂರಾದ ಐ-140 ಇದ್ದಿದ್ದರೆ ಮಂಜೂರಾತಿಯ ಬಾಗಿಲೂ ತೆರೆದಿರುತ್ತಿತ್ತು. ಹೆಚ್ಚಿನ ವಿದ್ಯಾರ್ಹತೆ ಬೇಡುವ ವರ್ಗದ ಸರದಿ ಕಡಿಮೆ ಅರ್ಹತೆಯ ವರ್ಗಕ್ಕಿಂತ ಹಿಂದುಳಿದಿರುವುದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ; ಕಾರಣ ಇಷ್ಟೇ, ಆ ಸಾಲಿನಲ್ಲಿ ಜನ ಹೆಚ್ಚು. 2020ರ ಅಕ್ಟೋಬರ್‌ನಲ್ಲಿ ಭಾರತದ ಇಬಿ-3 ಫೈಲಿಂಗ್ ದಿನಾಂಕ ಒಮ್ಮೆಲೇ 2015ರ ಜನವರಿ 1ಕ್ಕೆ ಹಾರಿದಾಗ ಬಹಳ ಮಂದಿ ಅದೇ ಪರ್ಮ್ ಆಧಾರದ ಮೇಲೆ ಇಬಿ-3ರಲ್ಲಿ ಎರಡನೆಯ ಐ-140 ಹಾಕಿದ್ದು ಇದೇ ಲೆಕ್ಕದಿಂದ. ಜನ ಒಂದು ಸಾಲಿನಿಂದ ಇನ್ನೊಂದಕ್ಕೆ ಹೋದಂತೆ ಲಾಭವೂ ಕರಗುತ್ತದೆ ಎಂಬುದನ್ನು ಈ ದಾರಿ ಯೋಚಿಸುವವರು ನೆನಪಿಡಬೇಕು.

ಫೈಲಿಂಗ್ ದಿನಾಂಕದ ಮೇಲೆ ಐ-485 ಸಲ್ಲಿಸುವ ಅವಕಾಶ ಸಿಕ್ಕರೆ ಅದನ್ನು ಚಿಕ್ಕದೆಂದು ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅರ್ಜಿ ಬಾಕಿಯಿರುವಾಗ ಕೆಲಸದ ಪರವಾನಗಿ ಮತ್ತು ಪ್ರಯಾಣದ ಪರವಾನಗಿ ಕೇಳಬಹುದು. 180 ದಿನ ಕಳೆದ ಮೇಲೆ ಅದೇ ಅಥವಾ ಅದಕ್ಕೆ ಹೋಲುವ ಕೆಲಸವಿರುವ ಬೇರೆ ಕಂಪನಿಗೆ ಹೊಸ ಪರ್ಮ್ ಇಲ್ಲದೆಯೇ ಹೋಗಬಹುದು. ವೈದ್ಯಕೀಯ ಪರೀಕ್ಷೆಯ ಐ-693 ನಮೂನೆಯನ್ನು ಐ-485 ಜತೆಗೇ ಕಳುಹಿಸಬೇಕೆಂಬ ನಿಯಮ 2024ರ ಡಿಸೆಂಬರ್ 2ರಿಂದ ಜಾರಿಗೆ ಬಂದಿದೆ. ವೈದ್ಯರ ಸಮಯ ಸಿಗುವುದು ತಡವಾಗಬಹುದಾದ್ದರಿಂದ ದಿನಾಂಕ ಸಮೀಪಿಸುತ್ತಿರುವಾಗಲೇ ಆ ಏರ್ಪಾಡು ಮಾಡಿಕೊಳ್ಳಬೇಕು.

ದಿನಾಂಕ ಹಿಂದಕ್ಕೆ ಹೋಗುವುದೇಕೆ

ವಿದೇಶಾಂಗ ಇಲಾಖೆಗೆ ಸಾಲಿನಲ್ಲಿರುವವರ ನಿಖರ ಲೆಕ್ಕ ಎಲ್ಲ ಕಾಲಕ್ಕೂ ಇರುವುದಿಲ್ಲ. ಐ-140 ಹೊಂದಿದವರಲ್ಲಿ ಕೆಲವರು ದೇಶ ಬಿಟ್ಟಿರುತ್ತಾರೆ, ಕೆಲವರು ಬೇರೆ ವರ್ಗದಿಂದ ಗ್ರೀನ್ ಕಾರ್ಡ್ ಪಡೆದಿರುತ್ತಾರೆ, ಕೆಲವರ ಕುಟುಂಬ ಬೆಳೆದಿರುತ್ತದೆ. ವರ್ಷದ ವೀಸಾಗಳು ವ್ಯರ್ಥವಾಗಬಾರದೆಂದು ಇಲಾಖೆ ದಿನಾಂಕವನ್ನು ಮುಂದೆ ಸರಿಸಿ ಅರ್ಜಿಗಳನ್ನು ಕರೆಯುತ್ತದೆ. ನಿರೀಕ್ಷೆಗಿಂತ ಹೆಚ್ಚು ಬಂದರೆ ದಿನಾಂಕವನ್ನು ಹಿಂದಕ್ಕೆ ಎಳೆಯಬೇಕಾಗುತ್ತದೆ. ಇದನ್ನೇ ರೆಟ್ರೊಗ್ರೆಶನ್ ಎನ್ನುತ್ತಾರೆ. 2012ರ ಏಪ್ರಿಲ್‌ನಲ್ಲಿ ಭಾರತದ ಇಬಿ-2 ದಿನಾಂಕ 2010ರ ಮೇ 1 ಆಗಿತ್ತು; ಮರು ತಿಂಗಳೇ ಅದು 2007ರ ಆಗಸ್ಟ್ 15ಕ್ಕೆ, ಅದೇ ಅಕ್ಟೋಬರ್ ಹೊತ್ತಿಗೆ 2004ರ ಸೆಪ್ಟೆಂಬರ್ 1ಕ್ಕೆ ಇಳಿಯಿತು. ಮಾರ್ಚ್ ತಿಂಗಳಲ್ಲಿ ಕಡತ ಸಿದ್ಧವಿದ್ದವರಿಗೂ ಮೇ ತಿಂಗಳಲ್ಲಿ ಸಿದ್ಧವಾದವರಿಗೂ ಹಲವು ವರ್ಷಗಳ ವ್ಯತ್ಯಾಸವಾಯಿತು. 2007ರ ಜುಲೈನಲ್ಲಂತೂ ಬಹುತೇಕ ಎಲ್ಲ ಉದ್ಯೋಗ ವರ್ಗಗಳೂ ಕರೆಂಟ್ ಎಂದು ಘೋಷಣೆಯಾಗಿ, ತಿಂಗಳ ಎರಡನೆಯ ದಿನವೇ ವೀಸಾ ಮುಗಿಯಿತೆಂಬ ಪ್ರಕಟಣೆ ಬಂದು, ದೊಡ್ಡ ಪ್ರತಿಭಟನೆಯ ನಂತರ ಆಗಸ್ಟ್ 17ರವರೆಗೆ ಅರ್ಜಿ ಸ್ವೀಕರಿಸಲಾಯಿತು.

ಐ-485 ಸಲ್ಲಿಸಿದ ಮೇಲೆ ದಿನಾಂಕ ಹಿಂದೆ ಹೋದರೆ ಅರ್ಜಿ ರದ್ದಾಗುವುದಿಲ್ಲ. ಅದು ಬಾಕಿ ಉಳಿಯುತ್ತದೆ, ಕೆಲಸದ ಪರವಾನಗಿ ನವೀಕರಿಸಿಕೊಳ್ಳುತ್ತ ಕಾಯಬಹುದು. ಇನ್ನೂ ಸಲ್ಲಿಸದವರಿಗೆ ಆಸರೆಯಾಗಿರುವುದು 2000ದ ಕಾನೂನು: ಐ-140 ಮಂಜೂರಾಗಿ ವೀಸಾ ಲಭ್ಯವಿಲ್ಲದಿದ್ದರೆ ಆರು ವರ್ಷದ ಮಿತಿ ದಾಟಿಯೂ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾವನ್ನು ಮೂರು ಮೂರು ವರ್ಷ ವಿಸ್ತರಿಸಬಹುದು. ಮಂಜೂರಾಗಿ 180 ದಿನ ಕಳೆದ ಐ-140 ಅನ್ನು ಹಳೆಯ ಕಂಪನಿ ಹಿಂಪಡೆದರೂ ಈ ಸೌಲಭ್ಯ ಉಳಿಯುತ್ತದೆ.

ಹಾಗಾದರೆ ವೇಗವನ್ನು ಅಂದಾಜಿಸುವುದು ಹೇಗೆ? ಒಂದೆರಡು ತಿಂಗಳ ಚಲನೆಯನ್ನು ನೋಡಬೇಡಿ. ಅಕ್ಟೋಬರ್‌ನಿಂದ ಅಕ್ಟೋಬರ್‌ಗೆ ಹೋಲಿಸಿ. ಇಬಿ-2 ಭಾರತ 2024ರ ಅಕ್ಟೋಬರ್‌ನಲ್ಲಿ 2012ರ ಜುಲೈ 15ರಲ್ಲಿತ್ತು, 2025ರ ಅಕ್ಟೋಬರ್‌ನಲ್ಲಿ 2013ರ ಏಪ್ರಿಲ್ 1ರಲ್ಲಿ. ಹನ್ನೆರಡು ತಿಂಗಳಲ್ಲಿ ಎಂಟೂವರೆ ತಿಂಗಳ ಚಲನೆ. ಇದೇ ವೇಗ ಮುಂದೆಯೂ ಇರುತ್ತದೆಂದು ಹೇಳಲಾಗದು, ಆದರೆ ಕಳೆಯುವ ಲೆಕ್ಕಕ್ಕಿಂತ ಇದು ಪ್ರಾಮಾಣಿಕ. ಬುಲೆಟಿನ್ನಿನ ಕೊನೆಯ ಟಿಪ್ಪಣಿಗಳನ್ನು ತಪ್ಪದೆ ಓದಿ. ಮುಂಬರುವ ತಿಂಗಳುಗಳಲ್ಲಿ ದಿನಾಂಕ ನಿಲ್ಲಬಹುದು ಅಥವಾ ಹಿಂದೆ ಹೋಗಬಹುದು ಎಂಬ ಮುನ್ಸೂಚನೆ ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ವರ್ಷದ ಪಾಲು ಮುಗಿದು ಯು ಅಕ್ಷರ ಕಂಡರೆ ಗಾಬರಿಯಾಗಬೇಕಿಲ್ಲ, ಅಕ್ಟೋಬರ್ 1ಕ್ಕೆ ಹೊಸ ಪಾಲು ಬರುತ್ತದೆ.

ಮಕ್ಕಳ ವಯಸ್ಸು

ಈ ಸರದಿಯಲ್ಲಿ ಅತಿ ಹೆಚ್ಚು ನೋವು ಇರುವುದು ಇಲ್ಲಿ. ಮಗ ಅಥವಾ ಮಗಳಿಗೆ 21 ತುಂಬಿದರೆ ತಂದೆತಾಯಿಯ ಅರ್ಜಿಯ ನೆರಳು ಅವರಿಗೆ ಸಿಗುವುದಿಲ್ಲ. 2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾಯ್ದೆ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ವೀಸಾ ಲಭ್ಯವಾದ ದಿನದ ವಯಸ್ಸಿನಿಂದ, ಐ-140 ಅಥವಾ ಐ-130 ಪರಿಶೀಲನೆಯಲ್ಲಿ ಬಾಕಿಯಿದ್ದ ದಿನಗಳನ್ನು ಕಳೆಯಬೇಕು. ಉಳಿದದ್ದು 21ಕ್ಕಿಂತ ಕಡಿಮೆಯಿದ್ದು ಮಗು ಅವಿವಾಹಿತವಾಗಿದ್ದರೆ ರಕ್ಷಣೆ ಸಿಗುತ್ತದೆ. ಮಗಳಿಗೆ ಆ ದಿನ 21 ವರ್ಷ 4 ತಿಂಗಳು, ಐ-140 ಬಾಕಿಯಿದ್ದದ್ದು 7 ತಿಂಗಳು ಎಂದಾದರೆ ಕಾನೂನಿನ ಕಣ್ಣಿಗೆ ಅವಳ ವಯಸ್ಸು 20 ವರ್ಷ 9 ತಿಂಗಳು. ಅಂದಿನಿಂದ ಒಂದು ವರ್ಷದೊಳಗೆ ಅವಳ ಪರವಾಗಿ ಐ-485 ಅಥವಾ ಡಿಎಸ್-260 (ಅಮೆರಿಕದ ಹೊರಗಿರುವವರ ವಲಸೆ ವೀಸಾ ಅರ್ಜಿ) ಸಲ್ಲಿಸುವ ಕ್ರಮ ಕೈಗೊಳ್ಳಲೇಬೇಕು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಪರ್ಮ್‌ಗೆ ತಗಲಿದ ಸಮಯ ಈ ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚಿನ ಶುಲ್ಕ ಕೊಟ್ಟು ಪ್ರೀಮಿಯಂ ಪ್ರೊಸೆಸಿಂಗ್‌ನಲ್ಲಿ ಹದಿನೈದು ಕೆಲಸದ ದಿನಗಳಲ್ಲಿ ಐ-140 ಮಂಜೂರು ಮಾಡಿಸಿಕೊಂಡರೆ ಕಳೆಯಲು ಸಿಗುವುದೂ ಆ ಕೆಲವೇ ದಿನಗಳು; ಮಕ್ಕಳು ಹದಿಹರೆಯದಲ್ಲಿರುವವರು ಆ ಶುಲ್ಕ ಕಟ್ಟುವ ಮುನ್ನ ವಕೀಲರೊಂದಿಗೆ ಮಾತನಾಡುವುದು ಒಳ್ಳೆಯದು. ಇನ್ನೊಂದು, ವೀಸಾ ಲಭ್ಯವಾದ ದಿನವೆಂದು ಯುಎಸ್‌ಸಿಐಎಸ್ ಯಾವ ಕೋಷ್ಟಕವನ್ನು ಹಿಡಿಯುತ್ತದೆ ಎಂಬುದು. 2023ರ ಫೆಬ್ರವರಿಯಿಂದ ಅದು ಫೈಲಿಂಗ್ ದಿನಾಂಕವನ್ನು ಒಪ್ಪುತ್ತಿತ್ತು. 2025ರ ಆಗಸ್ಟ್ 15ರಿಂದ ಸಲ್ಲಿಸಿದ ಅರ್ಜಿಗಳಿಗೆ ಮತ್ತೆ ಫೈನಲ್ ಆ್ಯಕ್ಷನ್ ದಿನಾಂಕವನ್ನೇ ಬಳಸುತ್ತಿದೆ. ಹಳೆಯ ಲೆಕ್ಕ ಹಾಕಿಟ್ಟುಕೊಂಡ ಕುಟುಂಬಗಳು ಅದನ್ನು ಹೊಸದಾಗಿ ಮಾಡಿಕೊಳ್ಳಬೇಕು.

ಕುಟುಂಬದ ಅರ್ಜಿಗಳಲ್ಲಿ ಎಡವುವ ಜಾಗಗಳು

ಗ್ರೀನ್ ಕಾರ್ಡ್ ಹೊಂದಿರುವ ತಂದೆ ಮಗನಿಗಾಗಿ ಎಫ್2ಬಿ ಅರ್ಜಿ ಹಾಕಿದ್ದು, ತಂದೆ ಪೌರನಾಗುವ ಮುನ್ನವೇ ಮಗ ಮದುವೆಯಾದರೆ ಆ ಅರ್ಜಿ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಗ್ರೀನ್ ಕಾರ್ಡ್ ಹೊಂದಿದವರ ವಿವಾಹಿತ ಮಕ್ಕಳಿಗೆ ವರ್ಗವೇ ಇಲ್ಲ. ತಂದೆ ಪೌರನಾದ ನಂತರ ಮದುವೆಯಾದರೆ ಅರ್ಜಿ ಎಫ್3ಕ್ಕೆ ಹೋಗಿ ದಿನಾಂಕ ಉಳಿಯುತ್ತದೆ. ಮದುವೆಯ ಮುಹೂರ್ತ ಗೊತ್ತುಮಾಡುವ ಮುನ್ನ ಪೌರತ್ವದ ಪ್ರಮಾಣವಚನ ಆಗಿದೆಯೇ ಎಂದು ಕೇಳಿಕೊಳ್ಳುವುದು ವಿಚಿತ್ರವೆನಿಸಿದರೂ ಅಗತ್ಯ.

ಪೌರತ್ವವೇ ತೊಡಕಾಗುವ ಸಂದರ್ಭವೂ ಇದೆ. ಎಫ್2ಎ ವರ್ಗದಲ್ಲಿ ಪತ್ನಿಯ ಹೆಸರಿನ ಒಂದೇ ಐ-130ರ ಅಡಿಯಲ್ಲಿ ಮಕ್ಕಳೂ ಬರುತ್ತಾರೆ. ಪತಿ ಪೌರನಾದ ಕೂಡಲೇ ಪತ್ನಿ ಮಿತಿಯಿಲ್ಲದ ವರ್ಗಕ್ಕೆ ಸೇರುತ್ತಾರೆ, ಆದರೆ ಆ ವರ್ಗದಲ್ಲಿ ಮಕ್ಕಳು ತಾಯಿಯ ಜತೆಗೆ ತಾವಾಗಿಯೇ ಬರಲಾರರು. ಪ್ರತಿ ಮಗುವಿಗೂ ಪ್ರತ್ಯೇಕ ಐ-130 ಬೇಕು. ಸಂದರ್ಶನದ ದಿನ ಇದು ಗೊತ್ತಾದರೆ ತಾಯಿ ಮಕ್ಕಳು ಬೇರೆ ಬೇರೆ ದೇಶಗಳಲ್ಲಿ ತಿಂಗಳುಗಟ್ಟಲೆ ಉಳಿಯಬೇಕಾಗುತ್ತದೆ.

ಭಾರತದಲ್ಲಿದ್ದು ಕಾಯುವವರು, ವಿಶೇಷವಾಗಿ ಎಫ್4 ಸಾಲಿನಲ್ಲಿ ಹದಿನೈದು ವರ್ಷ ದಾಟಿದವರು, ವಿಳಾಸ ಮತ್ತು ಇಮೇಲ್ ಬದಲಾದಾಗಲೆಲ್ಲ ವಿದೇಶಾಂಗ ಇಲಾಖೆಯ ನ್ಯಾಷನಲ್ ವೀಸಾ ಸೆಂಟರ್‌ಗೆ ತಿಳಿಸಬೇಕು. ವೀಸಾ ಲಭ್ಯವಿದೆಯೆಂಬ ಸೂಚನೆ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ನೋಂದಣಿಯನ್ನು ರದ್ದುಗೊಳಿಸುವ ಅವಕಾಶ ಕಾನೂನಿನಲ್ಲಿದೆ. ಅಣ್ಣ ಬಹಳ ವರ್ಷಗಳ ಹಿಂದೆ ತಂಗಿಯ ಪರವಾಗಿ ಕೊಟ್ಟ ಇಮೇಲ್ ಈಗ ಯಾರೂ ತೆರೆಯದ ಖಾತೆಯಾಗಿದ್ದರೆ, ಆ ಸೂಚನೆ ಬಂದು ಬಿದ್ದಿರುವುದು ಅಲ್ಲಿಯೇ.